ಒದ್ದೆ ಬಟ್ಟೆಯ ಗುರುತು

ಕಂತು ಏಳು

ನಾಲ್ಕನೇ ಸ್ಕ್ರೂ ಕೈಗೆ ಬಂದರೂ ನಜಮುನ್ನೀಸಾ ಕಂಪ್ಯೂಟರಿನ ಪಕ್ಕದ ತಗಡನ್ನು ಎಳೆಯಲಿಲ್ಲ. ಸ್ಕ್ರೂವನ್ನು ಅಂಗೈಯಲ್ಲಿಟ್ಟುಕೊಂಡು ಸಪ್ನಾಳ ಮುಖ ನೋಡಿದಳು.

"ಟೀಚರ್, ಇದನ್ನ ಈಗೀಗ ಯಾರೋ ಬಿಚ್ಚ್ಯಾರ."

"ನಮ್ಮನಿಯವ್ರು ಫಾರ್ಮ್ಯಾಟ್ ಹೊಡಿಸಿದ್ರಲ್ಲ. ಮೂರು ತಿಂಗಳಾತು."

"ಫಾರ್ಮ್ಯಾಟ್ ಹೊಡಿಲಿಕ್ಕ ಡಬ್ಬಿ ಬಿಚ್ಚೋ ಜರೂರತ್ ಇಲ್ರಿ. ಇಲ್ಲಿ ನೋಡ್ರಿ. ಮೂರು ಸ್ಕ್ರೂ ಜಂಗ್ ಹಿಡದು ಕರ್ರಗಾಗ್ಯಾವ. ಇದೊಂದು ಪಳಪಳ ಹೊಳಿಲಿಕತ್ತದ. ಬಿಚ್ಚಿದವ್ರು ಒಂದು ಕಳಕೊಂಡು ಬ್ಯಾರೆ ಹಾಕ್ಯಾರ."

ಹೊರಗೆ ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ರೈಲೊಂದು ಹಾದುಹೋಯಿತು. ಮೇಜಿನ ಮೇಲಿನ ಗಾಜಿನ ಭರಣಿಯಲ್ಲಿ ಸ್ಕ್ರೂಗಳು ಗಿಲಗಿಲ ಅಂದವು. ನಜಮುನ್ನೀಸಾ ಹತ್ತನೇ ತರಗತಿಯಲ್ಲಿ ಸಪ್ನಾ ಕಲಿಸುವ ಲೆಕ್ಕದಲ್ಲಿ ಎರಡು ಸಲ ನಪಾಸಾದವಳು. ಈಗ ಸ್ಟೇಷನ್ ರಸ್ತೆಯಲ್ಲಿ ಸ್ವಂತ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಆ ನಪಾಸಿನ ಮಾತು ಇಬ್ಬರೂ ಎತ್ತುವುದಿಲ್ಲ.

ಸಪ್ನಾ ಮನೆಯಿಂದ ಹೊರಡುವಾಗ ಎಲ್ಲರಿಗೂ ಒಂದೇ ಮಾತು ಹೇಳಿ ಬಂದಿದ್ದಳು. ಹನ್ನೆರಡು ವರ್ಷದ ಈ ಕಂಪ್ಯೂಟರಿಗೆ ಹೊಸ ಭಾಗ ಹಾಕಿಸಿ ಇಟ್ಟುಕೊಳ್ಳಬೇಕೋ, ಇದನ್ನು ಬಿಟ್ಟು ಬೇರೆ ತರಬೇಕೋ, ನಜ್ಮಾಳನ್ನು ಕೇಳಿ ಬರುತ್ತೇನೆ ಅಂತ. ಮನಸ್ಸಿನಲ್ಲಿದ್ದದ್ದು ಬೇರೆ. ಗಂಡ ಅಳಿಸಿಹಾಕಿಸಿದ್ದನ್ನು ಮತ್ತೆ ತೆಗೆಯಬಹುದೇ?

ಆಗಸ್ಟ್ ಎರಡು, ಶನಿವಾರ. ಅವಳ ಅಕ್ಕ ಲುಂಬಿನಿ ಶಹಾಬಾದಿನ ಪಾಳುಬಿದ್ದ ಕಲ್ಲಿನ ಖಣಿಯ ನೀರಿನಲ್ಲಿ ಮುಳುಗಿದ್ದಳು. ಸರಕಾರಿ ನರ್ಸು. ನಲವತ್ತೇಳು ವರ್ಷ. ಮದುವೆ ಆಗಿರಲಿಲ್ಲ. ಆ ಒಂದು ಸಂಗತಿ ಸಾಕಾಯಿತು ಜನಕ್ಕೆ. ಒಂಟಿ ಹೆಂಗಸು, ಬೇಸರ ಬಂದು ಹಾರಿಕೊಂಡಳು ಅಂದರು. ಪೊಲೀಸರೂ ಹೆಚ್ಚುಕಡಿಮೆ ಅದನ್ನೇ ಬರೆದುಕೊಂಡು ಹೋದರು. ಮರುದಿನ ಭಾನುವಾರ ಅಕ್ಕ ಬರುತ್ತಾಳೆಂದು ಸಪ್ನಾ ಪುಂಡಿಪಲ್ಯೆ ಮಾಡಿಟ್ಟುಕೊಂಡು ಕಾಯುತ್ತಿದ್ದಳು. ಬಂದದ್ದು ಫೋನು.

ಪ್ರತಿ ಭಾನುವಾರ ಲುಂಬಿನಿ ಬಂದು ಕೂರುತ್ತಿದ್ದದ್ದು ಈ ಕಂಪ್ಯೂಟರಿನ ಮುಂದೆಯೇ. ಕಲ್ಲಿನ ಪಾಲಿಶ್ ಕಾರ್ಖಾನೆಗಳಲ್ಲಿ ಕೆಮ್ಮುವವರ ಹೆಸರು, ವಯಸ್ಸು, ಎಷ್ಟು ವರ್ಷದ ಕೆಲಸ, ಎಕ್ಸ್‌ರೇ ಚಿತ್ರ, ಎಲ್ಲವನ್ನೂ ಒಂದೊಂದಾಗಿ ತುಂಬುತ್ತಿದ್ದಳು. ಅವಳನ್ನು ಮಣ್ಣು ಮಾಡಿದ ನಾಲ್ಕನೇ ದಿನಕ್ಕೆ ಸಪ್ನಾಳ ಗಂಡ ಸುರೇಶಕುಮಾರ, ವೈರಸ್ ಬಂದಿತ್ತೆಂದು ಹೇಳಿ ಎಲ್ಲವನ್ನೂ ಒರೆಸಿಬಿಟ್ಟ.

"ತಗಿ ನಜ್ಮಾ. ಏನದ ನೋಡೇಬಿಡೂಣು," ಅಂದಳು ಸಪ್ನಾ.

ತಗಡು ಸರಿಯಿತು.

ಒಳಗೆ ವಾಡಿ ಊರೇ ಇತ್ತು. ಊರಿನ ಸಿಮೆಂಟ್ ಕಾರ್ಖಾನೆಯ ಹನ್ನೆರಡು ವರ್ಷದ ಬೂದು ಧೂಳು ಫ್ಯಾನಿನ ರೆಕ್ಕೆಗಳಿಗೆ ಉಣ್ಣೆಯ ಹಾಗೆ ಅಂಟಿತ್ತು. ತಂತಿಗಳ ಮೇಲೆ, ಬೋರ್ಡಿನ ಮೇಲೆ, ಮೂಲೆಮೂಲೆಯಲ್ಲಿ ಬೂದು. ಹಾರ್ಡ್ ಡಿಸ್ಕಿನ ಮೇಲೆ ಮಾತ್ರ ಅದರ ಒಂದು ಕಣವೂ ಇಲ್ಲ.

ನಜಮುನ್ನೀಸಾ ಡಿಸ್ಕನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಮೇಲ್ಮೈ ನುಣುಪಾಗಿತ್ತು. ಆದರೆ ಸ್ಕ್ರೂ ತೂತುಗಳಲ್ಲಿ, ಅಂಚಿನ ಗೆರೆಗಳಲ್ಲಿ ನೀಲಿ ಬೆರೆತ ಬಿಳಿ ಬಣ್ಣದ ಏನೋ ಗಟ್ಟಿಯಾಗಿ ಕೂತಿತ್ತು, ಒಣಗಿದ ಸುಣ್ಣದ ಹಾಗೆ.

"ಇದೇನ್ರಿ ಟೀಚರ್? ನಾ ಎಂದೂ ನೋಡಿಲ್ಲ."

ಸಪ್ನಾ ಉಗುರಿನಿಂದ ಕೆರೆದಳು. ಚಕ್ಕೆ ಎದ್ದಿತು. ಎರಡು ಬೆರಳ ನಡುವೆ ತಿಕ್ಕಿದಳು. ಅವಳು ಶಹಾಬಾದಿನಲ್ಲಿ ಹುಟ್ಟಿದವಳು. ಅಪ್ಪ ಸಂಜೆ ಮನೆಗೆ ಬಂದಾಗ ರೆಪ್ಪೆಯ ಕೂದಲಲ್ಲೂ ಇದೇ ಇರುತ್ತಿತ್ತು.

"ಫರಸಿ ಹಿಟ್ಟು," ಅಂದಳು. "ಕಲ್ಲು ಪಾಲಿಶ್ ಮಾಡೂಮುಂದ ಏಳ್ತದ ನೋಡು, ಆ ಪುಡಿ. ನೀರು ತಾಗಿದ್ರ ಹಿಂಗ ಸಿಮೆಂಟಿನಗತೆ ಕಚ್ಚಿಕೊಂಡು ಕುಂದರ್ತದ."

"ಡಿಸ್ಕಿಗಿ ನೀರ್ ಯಾಕ ತಾಗ್ತದ್ರಿ?"

"ಒದ್ದಿ ಬಟ್ಟಿಲೆ ಒರಸ್ಯಾರ."

ನಜಮುನ್ನೀಸಾ ನಕ್ಕೇಬಿಟ್ಟಳು. "ಯಾ ಅಲ್ಲಾ! ಯಾವ ಹುಚ್ಚ ಮೆಕ್ಯಾನಿಕ್ ಇವ? ಡಿಸ್ಕಿಗಿ ಯಾರರೆ ಹಸಿ ಬಟ್ಟಿ ಹಚ್ಚತಾರೇನ್ರಿ? ಬ್ರಶ್ ಹೊಡಿತಾರ, ಗಾಳಿ ಊದ್ತಾರ."

"ಮೆಕ್ಯಾನಿಕ್ ಅಲ್ಲ. ಕಲ್ಲಿನ ಮಂದಿ."

ಶಹಾಬಾದಿನ ಕಾರ್ಖಾನೆಗಳಲ್ಲಿ ಈಗ ಯಾರೂ ಯಾವುದನ್ನೂ ಒಣ ಬಟ್ಟೆಯಿಂದ ಒರೆಸುವುದಿಲ್ಲ. ಕುರ್ಚಿ, ಫೋನು, ಟಿ.ವಿ., ಎಲ್ಲಕ್ಕೂ ಮೊದಲು ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿಕೊಳ್ಳುತ್ತಾರೆ. ಅದನ್ನು ಅವರ ಕೈಗೆ ಕಲಿಸಿದವಳು ಲುಂಬಿನಿ. ಹದಿನೈದು ವರ್ಷ ಬಾಗಿಲಿಂದ ಬಾಗಿಲಿಗೆ ಹೋಗಿ ಕೂಗಿದ್ದಳು: "ಒಣ ಬಟ್ಟಿ ಬ್ಯಾಡ್ರೋ ಯಪ್ಪಾ, ಹಿಟ್ಟು ಹಾರಿ ಎದಿಯಾಗ ಹೋಗಿ ಕುಂದರ್ತದ. ಹಸಿ ಮಾಡ್ಕೊಂಡು ಒರಸ್ರಿ." ಧೂಳು ಹೀರುವ ಯಂತ್ರ ಹಾಕಿಸಿ ಅಂದಳು, ಮಾಲೀಕರು ಹಾಕಿಸಲಿಲ್ಲ. ಮುಖಕ್ಕೆ ಕಟ್ಟಿಕೊಳ್ಳಲು ಒಳ್ಳೆಯ ಮಾಸ್ಕ್ ಕೊಡಿಸಿ ಅಂದಳು, ಕೊಡಿಸಲಿಲ್ಲ. ಒದ್ದೆ ಬಟ್ಟೆಯೊಂದನ್ನು ಮಾತ್ರ ಎಲ್ಲರೂ ಒಪ್ಪಿದರು. ಅದಕ್ಕೆ ಖರ್ಚಿರಲಿಲ್ಲ.

ಆ ಕಲಿತ ಕೈಯೇ ಈಗ ಗುರುತು ಬಿಟ್ಟುಹೋಗಿದೆ.

"ಟೀಚರ್, ಇನ್ನೊಂದು ಮಾತು," ನಜಮುನ್ನೀಸಾ ಡಿಸ್ಕಿನ ಮೇಲಿನ ಚೀಟಿ ಓದುತ್ತ ಅಂದಳು. ಅವಳ ನಗು ಹೋಗಿತ್ತು. "ಇದು ಮನಿ ಕಂಪ್ಯೂಟರಿಗೆ ಹಾಕೋ ಡಿಸ್ಕ್ ಅಲ್ರಿ. ಸಿಸಿ ಕ್ಯಾಮೆರಾ ಇರ್ತದಲ್ಲ, ಅದ್ರ ರೆಕಾರ್ಡಿಂಗ್ ಡಬ್ಬಿಗಿ ಹಾಕೋದು. ಹಗಲೂ ರಾತ್ರಿ ಬರೀತಾನೇ ಇರ್ತದ, ಅಂಥಾದು."

ಸಪ್ನಾ ಸ್ಟೂಲಿನ ಮೇಲೆ ಕೂತಳು. ಶಹಾಬಾದಿನ ಪಾಲಿಶ್ ಕಾರ್ಖಾನೆಯ ಮಾಲೀಕ ಉದಯಕುಮಾರ ಪೊಲೀಸರ ಮುಂದೆ ಹೇಳಿದ ಮಾತು ಅವಳಿಗೆ ಅಕ್ಷರ ಅಕ್ಷರ ನೆನಪಿತ್ತು. 'ಶನಿವಾರ ಸಿಸ್ಟರ್ ನಮ್ಮ ಕಾರ್ಖಾನೆಗಿ ಬಂದೇ ಇಲ್ರಿ. ಕ್ಯಾಮೆರಾ ನೋಡಬೇಕಂದ್ರ ಡಿಸ್ಕ್ ವೋಲ್ಟೇಜಿಗಿ ಸುಟ್ಟದ. ಗುಜರಿಗಿ ಹಾಕಿಬಿಟ್ಟೀವಿ.' ಆ ಪಾಳು ಖಣಿ ಇರುವುದು ಅವನ ಕಾರ್ಖಾನೆಯ ಹಿತ್ತಲಲ್ಲಿ.

"ಅಳಿಸಿದ್ದು ಬರ್ತದೇನು ನಜ್ಮಾ?"

"ಫಾರ್ಮ್ಯಾಟ್ ಹೊಡದ್ರ ಪಾಟಿ ಒರಸಿದಂಗ ಅಲ್ರಿ. ಪುಸ್ತಕದ್ದು ಪರಿವಿಡಿ ಒಂದೇ ಹರದಂಗ. ಪುಟ ಒಳಗೇ ಇರ್ತಾವ, ಅದ್ರ ಮ್ಯಾಲ ಹೊಸಾದು ಬರಿಯೋತನಕ. ಮೂರು ತಿಂಗಳು ನೀವು ಇದನ್ನ ಎಷ್ಟು ಬಳಸೀರಿ?"

"ಮುಟ್ಟೇ ಇಲ್ಲ. ಅಕ್ಕ ಕುಂದ್ರೋ ಜಾಗಕ್ಕ ಹ್ಯಾಂಗ ಕುಂದರ್ಲಿ?"

"ಹಂಗಾದ್ರ ಮೊದಲಿನ ಪುಟ ಹೋಗಿರ್ತಾವ, ಉಳದಿದ್ದು ಬರ್ತಾವ. ನನ್ನ ಮಷಿನ್ನಿಗಿ ಹಚ್ಚತೀನಿ. ನೀವು ತಡಿರಿ, ಏನರೆ ಉಣ್ರಿ. ಮುಖ ನೋಡ್ರಿ, ಹ್ಯಾಂಗಾಗ್ಯಾದ."

ಉಣ್ಣಲು ಇತ್ತು. ಅತ್ತೆ ಲಾಲಮ್ಮ ಬೆಳಿಗ್ಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೈಗೆ ಕೊಟ್ಟಿದ್ದಳು. ಹಳದಿ ಹೂವಿನ ಬಟ್ಟೆಯ ಕೈಚೀಲ ಅದು. ಕಿಟಕಿಯ ಪರದೆ ಹೊಲಿದು ಉಳಿದ ತುಂಡಿನಲ್ಲಿ ಸಪ್ನಾಳೇ ಅತ್ತೆಗೆಂದು ಹೊಲಿದುಕೊಟ್ಟದ್ದು. ಎರಡನೇ ಹಿಡಿಕೆಗೆ ಬಟ್ಟೆ ಸಾಲದೆ ಕೆಂಪು ಕುಪ್ಪಸದ ಚೂರು ಹಾಕಿದ್ದಳು. ಮೂವತ್ತು ವರ್ಷ ಕಲ್ಲಿನ ಕೆಲಸ ಮಾಡಿದ ಮುದುಕಿ. ಈಗ ನಾಲ್ಕು ಹೆಜ್ಜೆ ಇಟ್ಟರೆ ಕೆಮ್ಮು. ಅಕ್ಕ ಸತ್ತಾಗ ಅತ್ತೆ ಊರಲ್ಲಿರಲಿಲ್ಲ, ಐನಾಪುರದ ತಮ್ಮನ ಮನೆಗೆ ಹೋಗಿದ್ದಳು. ಸುದ್ದಿ ಕೇಳಿ ಬಂದು ಸಪ್ನಾಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತವಳು ಆ ಮನೆಯಲ್ಲಿ ಅವಳೊಬ್ಬಳೇ.

"ಸಿಟ್ಟು ಮಾಡು ಯವ್ವಾ, ಬ್ಯಾಡ ಅನ್ನಲ್ಲ," ಎಂದಿದ್ದಳು ಬೆಳಿಗ್ಗೆ ಚೀಲ ಕೊಡುತ್ತ. "ಆದ್ರ ಉಂಡು ಮಾಡು. ಖಾಲಿ ಹೊಟ್ಟಿ ಸಿಟ್ಟು ಜಲ್ದಿ ಸೋಲ್ತದ."

ಸಪ್ನಾ ಚೀಲವನ್ನು ಮೇಜಿನ ಮೇಲಿಟ್ಟಳು. ಬಿಚ್ಚಲಿಲ್ಲ. ಹೊರಗೆ ಆಟೋ ನಿಂತಿತ್ತು.

ಸುರೇಶಕುಮಾರ ಇಳಿದ. ದೊಡ್ಡ ರಟ್ಟಿನ ಡಬ್ಬಿಯೊಂದನ್ನು ಕೂಸಿನ ಹಾಗೆ ಎರಡು ಕೈಯಲ್ಲಿ ಅವಚಿಕೊಂಡಿದ್ದ.

"ಇಲ್ಲೇನ್ ಮಾಡ್ಲಿಕತ್ತೀ ನೀನು? ಮನಿಗಿ ಫೋನ್ ಹಚ್ಚಿದ್ರ ಅವ್ವ ಹೇಳಿದ್ಳು, ಡಬ್ಬಿ ಹೊತಗೊಂಡು ನಜ್ಮಾನ ಅಂಗಡಿಗಿ ಹೋಗ್ಯಾಳ ಅಂತ. ನಾ ಬರೋತನಕ ತಡೀಲಿಕ್ಕ ಆಗಲಿಲ್ಲೇನು?"

"ಕೇಳ್ಲಿಕ್ಕ ಬಂದೀನಿ. ರಿಪೇರಿ ಮಾಡಿಸೋದೋ, ಬದಲಿ ಮಾಡೋದೋ ಅಂತ."

"ಅದ್ರಾಗ ಕೇಳೋದೇನದ? ಅದ್ರ ಕಥಿ ಮುಗೀತು. ವಿಂಡೋಸ್ ಹತ್ತು ಅಕ್ಟೋಬರಿಗೇ ಬಂದ್ ಆತು. ಹನ್ನೊಂದು ಅದಕ್ಕ ಹತ್ತಂಗಿಲ್ಲ. ಹೌದಿಲ್ಲೋ ನಜ್ಮಾ? ನೀನೇ ಹೇಳು."

ನಜಮುನ್ನೀಸಾ ತನ್ನ ಮಷಿನ್ನಿನಿಂದ ಕಣ್ಣೆತ್ತಲಿಲ್ಲ. "ಖರೇ ರಿ ಅಣ್ಣಾ. ಹನ್ನೊಂದು ಹತ್ತಂಗಿಲ್ಲ. ಆದ್ರ ಟೀಚರ್ ಇದ್ರ ಮ್ಯಾಲ ರಾಕೆಟ್ ಹಾರಸ್ತಾರೇನು? ಮಾರ್ಕ್ಸ್ ತುಂಬ್ತಾರ, ಕ್ವೆಶ್ಚನ್ ಪೇಪರ್ ಮಾಡ್ತಾರ. ಎಂಟು ಜಿಬಿ ರ‍್ಯಾಮ್ ಹಾಕಿ, ಒಂದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಕುಂದ್ರಿಸಿ ಕೊಟ್ರ ಇನ್ನಾ ನಾಕೈದು ವರ್ಷ ಓಡ್ತದ. ಬೋರ್ಡ್ ಭಾಳ ಗಟ್ಟಿ ಅದ."

"ಹಳೇದಕ್ಕ ಸುಮ್ಮ ಯಾಕ ಸುರೀಬೇಕು? ಹೊಸಾದು ತಂದೇಬಿಟ್ಟೀನಿ," ಎಂದ ಸುರೇಶಕುಮಾರ. "ಹಳೇದು ಕೊಡು. ಎಕ್ಸ್‌ಚೇಂಜಿಗಿ ಕೇಳ್ಯಾರ. ಇವತ್ತು ಸಂಜಿ ಆರರೊಳಗ ಮುಟ್ಟಸ್ಬೇಕು."

"ಎಲ್ಲಿಂದ ತಂದ್ರಿ ಇದನ್ನ?"

"ಕಲಬುರ್ಗಿಯಿಂದ. ಇನ್ನೆಲ್ಲಿಂದ?"

ಸಪ್ನಾ ಎದ್ದು ಡಬ್ಬಿಯ ಸುತ್ತ ಒಂದು ಸುತ್ತು ಬಂದಳು. ಪಕ್ಕಕ್ಕೆ ಅಂಟಿಸಿದ್ದ ವಿಳಾಸದ ಚೀಟಿಯನ್ನು ಯಾರೋ ಉಗುರಿನಿಂದ ಎಬ್ಬಿಸಿದ್ದರು. ಹೆಸರು ಹೋಗಿತ್ತು, ಓಣಿ ಹೋಗಿತ್ತು. ಕೆಳಗೆ ಪಿನ್ ಕೋಡ್ ಉಳಿದಿತ್ತು. ವಾಡಿಯದ್ದಲ್ಲ, ಕಲಬುರಗಿಯದ್ದೂ ಅಲ್ಲ. ಅಪ್ಪನ ಮನೆಗೆ ವರ್ಷಗಟ್ಟಲೆ ಕಾಗದ ಬರೆದವಳಿಗೆ ಶಹಾಬಾದಿನ ಪಿನ್ ಕೋಡ್ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದಳು. ಸ್ಟೂಲನ್ನು ಗಂಡನ ಮುಂದಿಟ್ಟಳು.

"ಕುಂದ್ರಿ."

"ನಾ ಯಾಕ..."

"ಕುಂದ್ರಿ ಅಂದೆ."

ಕೂತ. ಸಪ್ನಾಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ. ಕರಿಹಲಗೆಯ ಮೇಲೆ ಲೆಕ್ಕ ಬಿಡಿಸುವ ಹಾಗೆ ಒಂದೊಂದೇ ಹೆಜ್ಜೆಯಾಗಿ ಬರುತ್ತದೆ. ಲುಂಬಿನಿ ಇರುವವರೆಗೂ ಆ ಹೆಜ್ಜೆಗಳೂ ಬೇಕಾಗಿರಲಿಲ್ಲ. ಇಬ್ಬರ ಪಾಲಿನ ಸಿಟ್ಟನ್ನೂ ಅಕ್ಕನೇ ಮಾಡಿಬಿಡುತ್ತಿದ್ದಳು. ತಂಗಿ ಹಿಂದೆ ನಿಂತು 'ಹೋಗ್ಲಿ ಬಿಡಕ್ಕಾ' ಅನ್ನುತ್ತಿದ್ದಳು. ಈಗ ಆ ಪಾಲು ಪೂರ್ತಿ ಇವಳ ಮೇಲೆ ಬಿದ್ದಿದೆ.

"ನಮ್ಮ ಡಿಸ್ಕ್ ಯಾರಿಗಿ ಕೊಟ್ರಿ?"

"ಯಾವ ಡಿಸ್ಕು?"

"ಏನ್ರಿ, ಇಪ್ಪತ್ತು ವರ್ಷ ಆತು ನಾ ಹುಡುಗುರ ಮುಖ ನೋಡ್ಲಿಕತ್ತು. ಕಾಪಿ ಹೊಡದಂವ ಮೊದಲು 'ಯಾವ ಚೀಟಿ' ಅಂತಾನೇ ಕೇಳ್ತಾನ."

ಒಳಗೆ ನಜಮುನ್ನೀಸಾ ಕೆಮ್ಮಿದಳು, ನಗು ತಡೆಯಲಿಕ್ಕೋ ಏನೋ. ಸುರೇಶಕುಮಾರನ ಕಣ್ಣು ಮೇಜಿನ ಮೇಲೆ ತೆರೆದು ಬಿದ್ದ ಕಂಪ್ಯೂಟರಿನ ಮೇಲೆ ಹೋಯಿತು. ಡಿಸ್ಕ್ ಇದ್ದ ಖಾಲಿ ಜಾಗ ಕಂಡಿತು. ಅವನ ಭುಜ ಇಳಿಯಿತು.

"ನಿನ್ನ ಒಳ್ಳೇದಕ್ಕೇ ಮಾಡೀನಿ ಸಪ್ನಾ."

ಆ ಮಾತು! ಇಪ್ಪತ್ತೆರಡು ವರ್ಷದಿಂದ ಕೇಳುತ್ತ ಬಂದದ್ದು. ಸೇಡಂ ಶಾಲೆಗೆ ಬಡ್ತಿ ಬಂದಾಗ ಬೇಡವೆಂದು ಬರೆಸಿದ್ದು ಅವಳ ಒಳ್ಳೆಯದಕ್ಕೆ. ಅಕ್ಕನೊಂದಿಗೆ ಬೀದಿಗೆ ಇಳಿದು ಕೂಗಬೇಡ ಅಂದದ್ದು ಒಳ್ಳೆಯದಕ್ಕೆ. ಅಷ್ಟೊಂದು ಒಳ್ಳೆಯದು ಸೇರಿ ಅವಳನ್ನು ಎಲ್ಲಿ ತಂದು ನಿಲ್ಲಿಸಿತು? ಅಕ್ಕನ ಹೆಣದ ಮುಂದೆ ಬಾಯಿಲ್ಲದೆ ನಿಲ್ಲಿಸಿತು.

"ನನ್ನ ಒಳ್ಳೇದು ಬಾಜುಕ್ಕ ಇಡ್ರಿ. ಡಿಸ್ಕ್ ಯಾರಿಗಿ ಕೊಟ್ರಿ ಹೇಳ್ರಿ."

"ಉದಯಕುಮಾರ್ ಸಾಹೇಬ್ರು ಮನಿಗಿ ಬಂದಿದ್ರು. ನೀ ಸಾಲಿಗಿ ಹೋಗಿದ್ದಿ. 'ಸಿಸ್ಟರ್ ನಮ್ಮ ಆಳುಗಳ ಹೆಸರು, ಎಕ್ಸ್‌ರೇ ಎಲ್ಲಾ ನಿಮ್ಮ ಮನ್ಯಾಗ ತುಂಬಿಟ್ಟಾರ. ಸರಕಾರಿ ಕಾಗದ ಖಾಸಗಿ ಮನ್ಯಾಗ ಸಿಕ್ರ ನಿಮ್ಮ ಹೆಣ್ತಿ ನೌಕರಿ ಹೋಗ್ತದ' ಅಂದ್ರು. ಅವರ ಮನುಷಾನೇ ಬಂದು ಬಿಚ್ಚಿ, ನಮ್ದು ಒಯ್ದು, ಬ್ಯಾರೆ ಹಾಕಿಕೊಟ್ಟ."

"ನೀವು ನಂಬಿದ್ರಿ."

"ನಂಬಿಲ್ಲ." ಅವನು ತಲೆ ಎತ್ತಲಿಲ್ಲ. "ಅಂಜಿದೆ."

ಒಂದು ಗಳಿಗೆ ಸಪ್ನಾಳಿಗೆ ಅವನ ಮೇಲೆ ಕನಿಕರ ಬಂದೇಬಿಡುತ್ತಿತ್ತು. ಅಷ್ಟರಲ್ಲಿ ಹೊಸ ಡಬ್ಬಿ ಕಣ್ಣಿಗೆ ಬಿತ್ತು.

"ಇದೂ ಅವನೇ ಕೊಡಿಸಿದ್ದೇನು?"

ಸುರೇಶಕುಮಾರ ಕಾಲಿನಿಂದ ಡಬ್ಬಿಯನ್ನು ಹಿಂದಕ್ಕೆ ಸರಿಸಿದ.

"ನಮ್ಮಕ್ಕ ಹಾರಿಕೊಂಡಾಳ ಅಂತ ಮಂದಿ ಅನ್ನೂಮುಂದ ನೀವು ಬಾಯಿ ಮುಚಗೊಂಡು ಚಹಾ ಕುಡದ್ರಿ. ಆಕಿ ಹ್ಯಾಂಗ ಸತ್ಲು ಅಂತ ತಿಳೀಲಿಕ್ಕ ಇದ್ದದ್ದೇ ಆಕಿ ಬರದದ್ದು. ಅದನ್ನ ಒಯ್ದು ಅವನ ಕೈಯಾಗ ಇಟ್ರಿ. ಈಗ ಅವ ಕೊಟ್ಟ ಡಬ್ಬಿ ತಂದು ನನ್ನ ಮುಂದಿಡ್ತೀರಿ. ನಾ ಇದ್ರ ಮ್ಯಾಲ ಏನ್ ಟೈಪ್ ಮಾಡ್ಲಿ? ಹೇಳ್ರಿ. ನಮ್ಮಕ್ಕ ತಾನೇ ಬಿದ್ದು ಸತ್ಲು ಅಂತ ಟೈಪ್ ಮಾಡ್ಲೇನು?"

"ಮೆಲ್ಲಕ ಮಾತಾಡು. ಮಂದಿ ಕೇಳ್ತಾರ."

"ಕೇಳ್ಲಿ! ಮೂರು ತಿಂಗಳು ಅವರು ಮಾತಾಡಿದ್ದು ನಾ ಕೇಳೀನಿ. ಈಗ ಅವರು ಕೇಳ್ಲಿ."

ದನಿ ಏರಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಎದುರಿನ ಚಹಾದಂಗಡಿಯಲ್ಲಿ ಇಬ್ಬರು ಕಪ್ಪು ಹಿಡಿದುಕೊಂಡೇ ಇತ್ತ ತಿರುಗಿದರು. ಅವಳಿಗೆ ನಾಚಿಕೆ ಆಗಲಿಲ್ಲ. ಕಾಲೊಳಗಿನ ಮುಳ್ಳು ತೆಗೆದ ಹಾಗೆ ಆಯಿತು, ಅಷ್ಟೇ.

"ಇನ್ನೊಂದು ಕೇಳ್ತೀನಿ. ಅಕ್ಕ ನಮ್ಮ ಕಂಪ್ಯೂಟರಿನ್ಯಾಗ ಬರೀತಾಳ ಅಂತ ಅವಗ ಯಾರು ಹೇಳಿದ್ರು? ನೀವೇ ಹೌದಿಲ್ಲೋ?"

"ಇಲ್ಲ!" ಸುರೇಶಕುಮಾರ ಎದ್ದೇ ನಿಂತ. ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟ. "ನಮ್ಮವ್ವನ ಆಣಿ ಮಾಡಿ ಹೇಳ್ತೀನಿ. ನಾ ಹೇಳಿಲ್ಲ. ಆತ ಎಲ್ಲಾ ತಿಳಕೊಂಡೇ ಬಂದಿದ್ದ. ಭಾನುವಾರ ಬರ್ತಾಳ, ಎಷ್ಟೊತ್ತಿಗಿ ಬರ್ತಾಳ, ಎಲ್ಲಾ. ಪಟ್ಟಿ 'ಎದಿ' ಅನ್ನೋ ಫೋಲ್ಡರಿನ್ಯಾಗ ಅದ ಅಂತ ಸುದ್ದಾ ಆತನೇ ಅಂದ. ಆ ಹೆಸರು ನಂಗೇ ಗೊತ್ತಿರಲಿಲ್ಲ, ಸಪ್ನಾ."

ಸುಳ್ಳು ಹೇಳುವಾಗ ಗಂಡ ಕಿವಿಯ ಹಿಂದೆ ತುರಿಸಿಕೊಳ್ಳುತ್ತಾನೆ. ಅವನ ಎರಡೂ ಕೈ ಕೆಳಗಿದ್ದವು.

ಹಾಗಾದರೆ ಯಾರು? ಫೋಲ್ಡರಿಗೆ 'ಎದಿ' ಎಂದು ಹೆಸರಿಟ್ಟ ದಿನ ಅಕ್ಕನ ಪಕ್ಕ ಕೂತಿದ್ದವಳು ತಾನೊಬ್ಬಳೇ. 'ಪುಪ್ಪುಸ ಗಿಪ್ಪುಸ ಬ್ಯಾಡ, ಎದಿ ಅಂತ ಬರಿತೀನಿ, ನಮ್ಮ ಮಂದಿಗಿ ತಿಳೀತದ' ಅಂದಿದ್ದಳು ಲುಂಬಿನಿ, ಜೋರಾಗಿ. ಮತ್ತೆ ಯಾರಿದ್ದರು ಅಲ್ಲಿ? ಸಪ್ನಾ ನೆನಪು ಮಾಡಿಕೊಂಡಳು. ಯಾರೂ ಸಿಗಲಿಲ್ಲ.

"ಹಳೇದು ಕೊಡು," ಸುರೇಶಕುಮಾರ ಬೇಡುವ ದನಿಯಲ್ಲಿ ಅಂದ. "ಎಕ್ಸ್‌ಚೇಂಜು ಗಿಕ್ಸ್‌ಚೇಂಜು ಏನಿಲ್ಲ. ಸಾಹೇಬ್ರೇ ಕೇಳ್ಯಾರ. ಮುಂಜಾನಿಂದ ಮೂರು ಸಲ ಫೋನ್ ಮಾಡ್ಯಾರ."

"ಹಳೇ ಡಬ್ಬಿ ಅವರಿಗ್ಯಾಕ?"

"ನಂಗ್ಗೊತ್ತಿಲ್ಲ."

"ನಂಗ್ಗೊತ್ತದ ರಿ ಅಣ್ಣಾ," ಒಳಗಿನಿಂದ ನಜಮುನ್ನೀಸಾ ಅಂದಳು. "ಹೊಸಾ ಡಿಸ್ಕ್ ತರೋದು ಬಿಟ್ಟು, ಕ್ಯಾಮೆರಾದಾಗಿಂದು ಬಿಚ್ಚಿದ್ದು ಕೈಗಿ ಸಿಕ್ಕಿತ್ತು, ಒರಸಿ, ಫಾರ್ಮ್ಯಾಟ್ ಹೊಡದು ನಿಮ್ಮದ್ರಾಗ ತುರಕ್ಯಾರ. ಫಾರ್ಮ್ಯಾಟ್ ಹೊಡದ್ರೂ ಹೋಗಂಗಿಲ್ಲ ಅಂತ ಈಗ ಯಾರೋ ತಿಳದವ್ರು ಅವ್ರ ಕಿವಿಯಾಗ ಹೇಳಿರ್ಬೇಕು."

ಸುರೇಶಕುಮಾರನ ಮುಖ ಬಿಳಿಚಿತು. ಅದು ನಟನೆ ಅಲ್ಲ ಎಂದು ಸಪ್ನಾಳಿಗೆ ತಿಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ತಿಳಿಯದ ಮನುಷ್ಯ ತಿಳಿದುಕೊಳ್ಳುವ ಕೆಲಸವನ್ನಾದರೂ ಮಾಡಬೇಕಿತ್ತು.

ಅವಳು ಹೊಸ ಡಬ್ಬಿಯನ್ನು ಎತ್ತಿ ಅವನ ಕೈಗೇ ಇಟ್ಟಳು.

"ಇದನ್ನ ಎಲ್ಲಿಂದ ತಂದೀರೋ ಅಲ್ಲೇ ಒಗದು ಬರ್ರಿ. ಇದು ನಮ್ಮನಿ ಹೊಸ್ತಿಲ ದಾಟಿದ್ರ ನಾ ದಾಟಂಗಿಲ್ಲ."

ಅವನು ಹೊರಗೆ ಹೋದ. ಆಟೋ ಹತ್ತಲಿಲ್ಲ. ಎದುರಿನ ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು, ರೈಲು ತಪ್ಪಿದವರ ಹಾಗೆ ಕೂತ.

"ನಜ್ಮಾ," ಅಂದಳು ಸಪ್ನಾ. "ಹಳೇದಕ್ಕೇ ಏನೇನ್ ಬೇಕೋ ಹಾಕು. ರ‍್ಯಾಮ್ ಹಾಕು, ಎಸ್‌ಎಸ್‌ಡಿ ಹಾಕು. ಅಕ್ಕ ಕುಂತು ಬರದ ಮಷಿನ್ ಅದು. ಅದ್ರ ಮ್ಯಾಲೇ ಕಂಪ್ಲೇಂಟ್ ಬರೀತೀನಿ ನಾ."

"ಟೀಚರ್." ನಜಮುನ್ನೀಸಾಳ ದನಿ ಬೇರೆಯಾಗಿತ್ತು. "ಇಲ್ಲಿ ಬರ್ರಿ. ಆಗಸ್ಟ್ ಎರಡು, ಸಂಜಿ ನಾಕು ಹತ್ತು. ತುಣುಕು ತುಣುಕು ಬರ್ಲಿಕತ್ತದ."

ಪರದೆಯ ಮೇಲೆ ಕಾರ್ಖಾನೆಯ ಒಳಗಿನ ಅಂಗಳ. ಸದ್ದಿಲ್ಲದ ಚಿತ್ರ. ಜೋಡಿಸಿಟ್ಟ ಫರಸಿ ಕಲ್ಲುಗಳ ಸಾಲು, ನೀರಿನ ಡ್ರಮ್ಮು, ತೆರೆದ ಗೇಟು. ಗೇಟಿನಿಂದ ಒಬ್ಬ ಹೆಂಗಸು ಒಳಗೆ ಬಂದಳು. ನೀಲಿ ಸೀರೆ, ಮೇಲೆ ಬಿಳಿ ಕೋಟು. ನಿಂತು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು.

ಎಡಗಾಲಿನ ಚಪ್ಪಲಿ. ಅದರ ಪಟ್ಟಿ ಸಡಿಲವಾಗಿದೆ, ಹೊಲಿಸಿಕೋ ಅಂತ ಹಿಂದಿನ ಭಾನುವಾರವೇ ಸಪ್ನಾ ಬೈದಿದ್ದಳು.

"ಅಕ್ಕಾ," ಅಂದಳು ಪರದೆಗೆ.

ಉದಯಕುಮಾರ ಸುಳ್ಳು ಹೇಳಿದ್ದ. ಅಕ್ಕ ಅಲ್ಲಿಗೆ ಹೋಗಿದ್ದಳು. ಸಾಯಲು ಹೊರಟ ಹೆಂಗಸು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವುದಿಲ್ಲ. ಇಷ್ಟು ಸಾಕು ಸಪ್ನಾಳಿಗೆ. ಊರಿನ ಮುಂದೆ ಇದನ್ನು ಹಿಡಿದರೆ ಸಾಕು.

"ಇನ್ನಾ ಅದ ರಿ," ಅಂದಳು ನಜಮುನ್ನೀಸಾ.

ಕಲ್ಲುಗಳ ಸಾಲಿನ ಮೇಲೆ ಯಾರೋ ಒಬ್ಬ ಮುದುಕಿ ಬೆನ್ನು ಮಾಡಿ ಕೂತಿದ್ದಳು. ಲುಂಬಿನಿ ಅವಳನ್ನು ಕಂಡು ಅತ್ತಲೇ ಬೇಗಬೇಗ ಹೋದಳು. ಬಗ್ಗಿ ಹೆಗಲ ಮೇಲೆ ಕೈ ಇಟ್ಟಳು. ಏನೋ ಕೇಳಿದಳು. ಮುದುಕಿ ಕೈ ಎತ್ತಿ ಹಿತ್ತಲ ಕಡೆ ತೋರಿಸಿದಳು, ಖಣಿಯ ಕಡೆ. ಲುಂಬಿನಿ ತಲೆಯಾಡಿಸಿ ಆ ಕಡೆ ನಡೆದಳು. ಅವಳು ಚಿತ್ರದಿಂದ ಮರೆಯಾದ ಮೇಲೆ ಬಿಳಿ ಅಂಗಿಯ ಉದಯಕುಮಾರ ಆಫೀಸಿನಿಂದ ಹೊರಬಂದು ಗೇಟು ಹಾಕಿದ. ಅವಳ ಹಿಂದೆಯೇ ಹೋದ.

ಮುದುಕಿ ಅಲ್ಲೇ ಕೂತಿದ್ದಳು. ಒಮ್ಮೆ ಆ ಕಡೆ ತಿರುಗಿದಳು. ಆಮೇಲೆ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಳು.

ಎದ್ದಾಗ ಅವಳ ತೊಡೆಯ ಮೇಲಿದ್ದ ಚೀಲ ಕಂಡಿತು. ಚಿತ್ರ ಮಸುಕು. ಆದರೆ ಹಳದಿ ಹೂವು ಮಸುಕಾಗಿರಲಿಲ್ಲ. ಒಂದು ಹಿಡಿಕೆ ಹಳದಿ. ಇನ್ನೊಂದು ಕೆಂಪು.

ನಜಮುನ್ನೀಸಾ ಪರದೆಯನ್ನು ನೋಡಿದಳು. ಮೇಜಿನ ಮೇಲೆ ರೊಟ್ಟಿಯ ಗಂಟಿನೊಂದಿಗೆ ಕೂತಿದ್ದ ಚೀಲವನ್ನು ನೋಡಿದಳು.

ಸಪ್ನಾಳಿಗೆ ಆಗ ನೆನಪಾಯಿತು. 'ಎದಿ ಅಂತ ಬರಿತೀನಿ' ಎಂದು ಅಕ್ಕ ಜೋರಾಗಿ ಅಂದ ದಿನ, ಗೋಡೆಗೆ ಒರಗಿ ಶೇಂಗಾ ಸುಲಿಯುತ್ತ ಕೂತಿದ್ದವಳೊಬ್ಬಳು ಕೆಮ್ಮಿದ್ದಳು. ಮನೆಯ ಕೆಮ್ಮು ಅದು. ದಿನಾ ಕೇಳಿ ಕೇಳಿ ಅವಳ ಕಿವಿ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಕ್ಕ ಬರೆದ ಪಟ್ಟಿಯ ಮೊದಲ ಹೆಸರೂ ಆ ಕೆಮ್ಮಿನದೇ.

ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಅತ್ತಿ' ಎಂದು ಬಂದಿತು.

ಸಪ್ನಾ ಎತ್ತಿದಳು.

"ರೊಟ್ಟಿ ಉಂಡಿ ಏನವ್ವಾ?" ಲಾಲಮ್ಮನ ದನಿ. ಎಂದಿನ ಹಾಗೆ, ಮೆತ್ತಗೆ.

"ಉಂಡೀನ್ರಿ ಅತ್ತೀ."

"ಡಬ್ಬಿ ಸುರೇಶಗ ಕೊಟ್ಟಿ ಏನು?"

"ನೀವು ಎಲ್ಲಿದ್ದೀರಿ?"

"ಎಲ್ಲಿರ್ಲಿ ಯವ್ವಾ. ಮನ್ಯಾಗೇ ಇದ್ದೀನಿ."

ಕೆಮ್ಮು ಬಂದಿತು, ಉದ್ದಕ್ಕೆ. ಆ ಕೆಮ್ಮಿನ ಹಿಂದೆ ಇನ್ನೊಂದು ಸದ್ದಿತ್ತು. ನೀರು ಬಿಟ್ಟುಕೊಂಡು ತಿರುಗುವ ಗರಗಸದ ಚಕ್ರ ಕಲ್ಲನ್ನು ಕಚ್ಚುವ ಸದ್ದು. ವಾಡಿಯ ಅವರ ಓಣಿಯಲ್ಲಿ ಅದು ಇಲ್ಲ. ಆ ಸದ್ದಿನಲ್ಲೇ ಹುಟ್ಟಿ ಬೆಳೆದ ಕಿವಿ ಸಪ್ನಾಳದು.

ಅವಳು ಡಿಸ್ಕಿನ ಮೇಲೆ ಕೈ ಇಟ್ಟಳು. ದನಿ ಏರಲಿಲ್ಲ.

"ಡಬ್ಬಿ ನಾನೇ ತಗೊಂಡು ಬರ್ಲಿಕತ್ತೀನ್ರಿ ಅತ್ತೀ. ಎಲ್ಲಿಗಿ ತರ್ಲಿ, ಅದೊಂದು ಖರೇ ಹೇಳ್ರಿ."

ಆ ಕಡೆ ಗರಗಸ ಗಕ್ಕನೆ ನಿಂತಿತು.